ಮೇಲಿರುವವನು ನೋಡುತ್ತಿಲ್ಲ

"ಅಪ್ಪ, ಇವತ್ತು ಹುಣಸೂರಿಗೆ ಯಾಕೆ ಹೋಗಿದ್ರಿ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಓ, ನಿನ್ನ ಸ್ಯಾಟಲೈಟ್ ಚಾಡಿ ಹೇಳ್ತಾ?" ಅಂದರು.

ಅಪ್ಪನಿಗೆ ಎಪ್ಪತ್ತು ದಾಟಿದೆ. ಮೈಸೂರಿನಲ್ಲಿ ಒಬ್ಬರೇ ಇದ್ದಾರೆ, ಕಾರು ಓಡಿಸೋದು ಮಾತ್ರ ಬಿಟ್ಟಿಲ್ಲ. ಹಿಂದಿನ ತಿಂಗಳು ಅವರ ಕಾರಿಗೆ ಬೆಂಕಿಪೊಟ್ಟಣದಷ್ಟಿರುವ ಟ್ರ್ಯಾಕರ್ ಹಾಕಿಸಿದ್ದೆ. ಕಾರು ಕಳುವಾದರೆ ಬೇಕಾಗುತ್ತೆ ಅಂತ ಹೇಳಿದ್ದೆ. ಅದು ಅರ್ಧ ಸತ್ಯ.

ಚಾಡಿ ಹೇಳಿದ್ದು ಸ್ಯಾಟಲೈಟ್ ಅಲ್ಲ ಅಂತ ವಾದ ಮಾಡಿದೆ. ಅದಂತೂ ಪೂರ್ತಿ ಸತ್ಯ.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ವಿಲಿಯಂ ಗಯರ್, ಜಾರ್ಜ್ ವೈಫನ್‌ಬಾಕ್ ಎಂಬಿಬ್ಬರು ಅದರ ಬೀಪ್ ಬೀಪ್ ಕೇಳುತ್ತಾ ಕೂತರು. ರೈಲು ನಮ್ಮನ್ನು ದಾಟಿ ಹೋಗುವಾಗ ಸೀಟಿಯ ಸ್ವರ ಇಳಿಯುತ್ತಲ್ಲ, ಹಾಗೆ ಇಳಿಯುತ್ತಿದ್ದ ಸಂಕೇತದಿಂದಲೇ ಉಪಗ್ರಹದ ಕಕ್ಷೆ ಲೆಕ್ಕ ಹಾಕಿದರು. ಮರುವರ್ಷ ಅವರ ಮೇಲಧಿಕಾರಿ ಫ್ರಾಂಕ್ ಮೆಕ್‌ಕ್ಲೂರ್ ಪ್ರಶ್ನೆಯನ್ನು ಉಲ್ಟಾ ಮಾಡಿದರು: ಉಪಗ್ರಹ ಎಲ್ಲಿದೆ ಅಂತ ಗೊತ್ತಿದ್ದರೆ, ಕೇಳುತ್ತಿರುವವನು ಎಲ್ಲಿದ್ದಾನೆ ಅಂತ ತಿಳಿಯಬಹುದಲ್ಲ? ಜಲಾಂತರ್ಗಾಮಿಗಳಿಗೆ ದಾರಿ ತೋರಿಸಲು ಟ್ರಾನ್ಸಿಟ್ ಹುಟ್ಟಿದ್ದು ಹೀಗೆ. 1973ರಲ್ಲಿ ಜಿಪಿಎಸ್ ಯೋಜನೆ ಶುರುವಾಯಿತು. 2000ದ ಮೇ ತಿಂಗಳಲ್ಲಿ, ಜನಸಾಮಾನ್ಯರಿಗೆ ಸಿಗುತ್ತಿದ್ದ ಸಂಕೇತವನ್ನು ಬೇಕೆಂದೇ ಮಸುಕು ಮಾಡುವುದನ್ನು ಅಮೆರಿಕ ನಿಲ್ಲಿಸಿದ ಮೇಲೆ ಅದು ಕಾರುಗಳಿಗೆ ನಿಜವಾಗಿ ಉಪಯೋಗಕ್ಕೆ ಬಂತು.

ಸುಮಾರು 20,000 ಕಿಲೋಮೀಟರ್ ಮೇಲಿರುವ ಈ ಉಪಗ್ರಹಗಳು ಕೆಳಗೆ ನೋಡುವುದೇ ಇಲ್ಲ. 'ನಾನು ಇಲ್ಲಿದ್ದೀನಿ, ಈಗ ಇಷ್ಟು ಹೊತ್ತು' ಅಂತ ಕೂಗುತ್ತಿರುತ್ತವೆ, ಅಷ್ಟೇ. ಕೇಳಿಸಿಕೊಂಡು ಲೆಕ್ಕ ಹಾಕುವುದು ಕಾರಿನಲ್ಲಿರುವ ಡಬ್ಬಿ. ಅದನ್ನು ಇನ್ನೊಬ್ಬರಿಗೆ ಹೇಳುವುದು ಡಬ್ಬಿಯೊಳಗಿನ ಸಿಮ್ ಕಾರ್ಡ್. ಅನುಮಾನ ಪಡಬೇಕಾದ್ದು ಆಕಾಶದ ಮೇಲಲ್ಲ, ಆ ಲೆಕ್ಕದ ಪುಸ್ತಕ ಇಟ್ಟುಕೊಂಡವರ ಮೇಲೆ.

ವಾಷಿಂಗ್ಟನ್ನಿನ ನೈಟ್‌ಕ್ಲಬ್ ಮಾಲೀಕ ಆಂಟ್ವಾನ್ ಜೋನ್ಸ್ ಮೇಲೆ ಮಾದಕ ವಸ್ತು ಮಾರಾಟದ ಗುಮಾನಿಯಿತ್ತು. ಆತನ ಹೆಂಡತಿಯ ಹೆಸರಿನಲ್ಲಿದ್ದ ಜೀಪಿಗೆ ಪೊಲೀಸರು ಟ್ರ್ಯಾಕರ್ ಅಂಟಿಸಿದರು. ವಾರಂಟಿನ ಅವಧಿ 10 ದಿನ. ಇವರು ಅಂಟಿಸಿದ್ದು 11ನೇ ದಿನ. 28 ದಿನಗಳಲ್ಲಿ 2,000ಕ್ಕೂ ಹೆಚ್ಚು ಪುಟ ಮಾಹಿತಿ ಬಂತು. ಕೇಸು ಸುಪ್ರೀಂ ಕೋರ್ಟಿಗೆ ಹೋದಾಗ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಕೇಳಿದರು: ನಮ್ಮೆಲ್ಲರ ಕಾರುಗಳಿಗೂ ಹೀಗೆ ಹಾಕಬಹುದಾ? ಹಾಕಬಹುದು ಎಂಬರ್ಥದಲ್ಲೇ ಸರ್ಕಾರದ ವಕೀಲರು ಉತ್ತರಿಸಿದರು. 2012ರ ಜನವರಿಯಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಸರ್ಕಾರದ ವಿರುದ್ಧ ತೀರ್ಪು ಕೊಟ್ಟರು. ಇಂಥ ದಾಖಲೆ ಇದ್ದರೆ ಒಬ್ಬರು ಯಾವ ಡಾಕ್ಟರ ಹತ್ತಿರ, ಯಾವ ವಕೀಲರ ಹತ್ತಿರ, ಯಾವ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಾರೆ ಎಲ್ಲವೂ ಗೊತ್ತಾಗುತ್ತದೆ ಎಂದು ನ್ಯಾಯಮೂರ್ತಿ ಸೊಟೊಮಾಯೋರ್ ಬರೆದರು.

ನಮ್ಮಲ್ಲಿ 2016ರ ನವೆಂಬರ್‌ನಲ್ಲಿ ಟ್ಯಾಕ್ಸಿ, ಬಸ್ಸುಗಳಿಗೆ ಟ್ರ್ಯಾಕರ್ ಮತ್ತು ತುರ್ತು ಬಟನ್ ಕಡ್ಡಾಯ ಮಾಡುವ ಅಧಿಸೂಚನೆ ಬಂತು. ದೆಹಲಿಯ ಬಸ್ಸಿನಲ್ಲಿ 2012ರಲ್ಲಿ ನಡೆದದ್ದನ್ನು ನೆನೆದರೆ ಬೇಡ ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಅಧಿಸೂಚನೆ ಬಂದು ವರ್ಷ ತುಂಬುವ ಮೊದಲೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟೂ ಹೇಳಿತು. ಕಾಪಾಡುವುದು, ಕಾವಲು ಕಾಯುವುದು ಎರಡೂ ಒಂದೇ ಡಬ್ಬಿಯಲ್ಲಿವೆ.

ನಾನು ವಾರಂಟ್ ತಗೊಂಡಿರಲಿಲ್ಲ. ಅಪ್ಪನ್ನ ಕೇಳಿಯೂ ಇರಲಿಲ್ಲ.

ಮುಂದಿನ ವಾರ ಮೈಸೂರಿಗೆ ಹೋಗಿ ಆ್ಯಪನ್ನು ಅವರ ಫೋನಿಗೇ ಹಾಕಿಕೊಟ್ಟೆ. ಪಾಸ್‌ವರ್ಡ್ ಅವರೇ ಬದಲಾಯಿಸಿಕೊಂಡರು. ಈಗ ದಿನಾ ಸಂಜೆ ಫೋನ್ ಮಾಡಿ ಎಲ್ಲಿಗೆ ಹೋಗಿದ್ರಿ ಅಂತ ಕೇಳ್ತೀನಿ, ಹೇಳ್ತಾರೆ.

ಹುಣಸೂರಿನ ವಿಷಯ ಮಾತ್ರ ಇನ್ನೂ ಹೇಳಿಲ್ಲ.