ಬಣ್ಣ ಬಳಿದು ಕೆಟ್ಟ ಹಳೆಯ ಚರ್ಮದ ಬ್ಯಾಗು ಉಳಿಸುವುದು ಹೇಗೆ?

ಐಜ: ಪೆಟ್ಟಿಗೆಯ ತಳದಲ್ಲಿ ಅಜ್ಜಿಯ ಕಾಲದ ಚರ್ಮದ ಹ್ಯಾಂಡ್‌ಬ್ಯಾಗು ಸಿಕ್ಕರೆ ಅದು ಹೊಸದರಂತೆ ಹೊಳೆಯಲಿ ಎಂದು ಬಣ್ಣ ಬಳಿಸುವವರಿದ್ದಾರೆ. ಕೆಲವು ತಿಂಗಳಲ್ಲೇ ಮಡಿಕೆಗಳಲ್ಲಿ ಬಣ್ಣ ಬಿರಿದು ಏಳುತ್ತದೆ. ಆಗ ಅದರ ಮೇಲೆ ಇನ್ನೊಂದು ಕೈ ಬಣ್ಣ ಹೊಡೆಸಿದರೆ ಬ್ಯಾಗು ಪೂರ್ತಿ ಕೆಡುತ್ತದೆ.

ಹಿಂದಿನ ಬ್ಯಾಗುಗಳಲ್ಲಿ ಅನೇಕವು ತೊಗಟೆಯಿಂದ ಹದ ಮಾಡಿದ ಚರ್ಮದವು. ನಮ್ಮ ಕಡೆ ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಎಲ್ಲರಿಗೂ ಗೊತ್ತು. ತೆಲುಗಿನಲ್ಲಿ ತಂಗೇಡು, ಬತುಕಮ್ಮನಿಗೆ ಬೇಕೇ ಬೇಕು, ತೆಲಂಗಾಣದ ರಾಜ್ಯ ಪುಷ್ಪವೂ ಹೌದು. ಇದರ ತೊಗಟೆ ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡಲು ಬಹುಕಾಲ ಬಳಕೆಯಲ್ಲಿತ್ತು. ಇಂಥ ಚರ್ಮಕ್ಕೆ ಬಣ್ಣ ಒಳಗೆ ಇಳಿದಿರುತ್ತದೆ. ಪೇಂಟ್ ಮಾತ್ರ ಮೇಲೆ ಪೊರೆಯಾಗಿ ಕೂರುತ್ತದೆ.

ಮೊದಲು ಒಳಭಾಗ ನೋಡಿ. ಅಂಚಿನಲ್ಲಿ ಬಟ್ಟೆಯ ನೇಯ್ಗೆ ಕಂಡರೆ ಅದು ರೆಕ್ಸಿನ್, ಕೆಳಗಿನ ವಿಧಾನ ಅದಕ್ಕಲ್ಲ. ಹೊಲಿಗೆ ದಾರಕ್ಕೆ, ಹಿತ್ತಾಳೆ ಬಕಲ್ಲಿಗೆ ಬಣ್ಣ ಮೆತ್ತಿದ್ದರೆ ಯಾರೋ ನಂತರ ಬಳಿದದ್ದು ಎಂದು ತಿಳಿಯಿರಿ.

ಹತ್ತಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಕಾಣದ ಮೂಲೆಯಲ್ಲಿ ಒತ್ತಿ ನೋಡಿ. ನೀರು ಬೆರೆಸಿ ಬಳಿಯುವ ಅಕ್ರಿಲಿಕ್ ಬಣ್ಣವಾದರೆ ಬಹುಮಟ್ಟಿಗೆ ಮೆತ್ತಗಾಗಿ ಹತ್ತಿಗೆ ಬರುತ್ತದೆ. ಒಂದೊಂದು ರೂಪಾಯಿ ಅಗಲದಷ್ಟೇ ಕೆಲಸ ಮಾಡಿ, ಹತ್ತಿ ಬದಲಿಸುತ್ತಾ ಇರಿ, ಉಜ್ಜಬೇಡಿ. ಚರ್ಮದ ಸ್ವಂತ ಬಣ್ಣ ಹತ್ತಿಗೆ ಹತ್ತಿದ ಕೂಡಲೇ ನಿಲ್ಲಿಸಿ. ಬಾಗಿಲಿಗೆ ಹೊಡೆಯುವ ಎನಾಮೆಲ್ ಆಗಿದ್ದರೆ ಇದಕ್ಕೆ ಜಗ್ಗುವುದಿಲ್ಲ. ಥಿನ್ನರ್ ಸುರಿದರೆ ಪೇಂಟಿನ ಜೊತೆ ಚರ್ಮದೊಳಗಿನ ಜಿಡ್ಡೂ ಹೋಗುತ್ತದೆ. ಕೆಲಸ ಗಾಳಿಯಾಡುವಲ್ಲಿ, ಒಲೆಯಿಂದ ದೂರ ನಡೆಯಲಿ. ಒಣಗಿಸುವುದು ನೆರಳಲ್ಲಿ. ಒದ್ದೆ ಚರ್ಮ ಬಿಸಿಗೆ ಮುದುಡಿಕೊಂಡರೆ ಮತ್ತೆ ಬಿಚ್ಚಿಕೊಳ್ಳದು.

ಕಪ್ಪು ಡೈ ಒಳಗೆ ಇಳಿದಿದ್ದರೆ ಹಳೆಯ ಕಂದು ಬಣ್ಣ ಮರಳಿ ಬಾರದು, ಕಪ್ಪಾಗಿಯೇ ಇಟ್ಟುಕೊಳ್ಳಬೇಕು.

ನಂತರ ಚರ್ಮಕ್ಕೆಂದೇ ಮಾರುವ ಕ್ರೀಮ್ ತೆಳುವಾಗಿ ಸಾಕು. ಮನೆಯ ಕುಸುಬೆ ಎಣ್ಣೆ ಹಚ್ಚುವವರು ಉಂಟು. ಆ ಎಣ್ಣೆ ಗಾಳಿಗೆ ಅಂಟಂಟಾಗಿ ಗಟ್ಟಿಯಾಗುತ್ತದೆ, ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಇನ್ನೂ ಬೇಗ.

ಬಣ್ಣ ಎದ್ದ ಜಾಗದಲ್ಲಿ ಬೆರಳಿಗೆ ಕೆಂಪು ಪುಡಿ ಹತ್ತಿದರೆ ಚರ್ಮವೇ ಜೀರ್ಣವಾಗಿದೆ ಎಂದರ್ಥ. ಅದಕ್ಕೆ ನೀರೂ ಬೇಡ, ಸ್ಪಿರಿಟ್ಟೂ ಬೇಡ. ನೀರು ತಾಗಿದರೆ ಕಪ್ಪಗೆ ಬಿರುಸಾಗುತ್ತದೆ. ಒಳಗೆ ಹಳೆಯ ಹತ್ತಿ ಬಟ್ಟೆ ತುಂಬಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಇಡಿ.