‘ಇದು ಹ್ಯಾಕ್ ಅಲ್ಲ, ಬರೀ ಆ್ಯಡ್‌ಆನ್’: ಆನ್‌ಲೈನ್ ಆಟಗಳ ಈ ಫಾರ್ವರ್ಡ್ ಎಷ್ಟು ನಿಜ?

ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಮತ್ತೆ ಮತ್ತೆ ಸುತ್ತುತ್ತದೆ. ಮಾತು ಬದಲಾಗುತ್ತದೆ, ವಿಷಯ ಒಂದೇ. ಈ ಫೈಲ್ ಹಾಕಿಕೊಳ್ಳಿ, ಬಿಜಿಎಂಐ ಆಟದಲ್ಲಿ 90 ಎಫ್‌ಪಿಎಸ್ ಬರುತ್ತದೆ, ಗೋಡೆಯಾಚೆಗಿನ ಶತ್ರು ಕಾಣುತ್ತಾನೆ, ಯುಸಿ ಬೇಕಾದಷ್ಟು ಸಿಗುತ್ತದೆ. ಇದು ಹ್ಯಾಕ್ ಅಲ್ಲ, ಬರೀ ಆ್ಯಡ್‌ಆನ್, ಬ್ಯಾನ್ ಆಗುವುದಿಲ್ಲ. ಲಕ್ಷ್ಮೇಶ್ವರದ ನಮ್ಮ ಮನೆ ಮಂದಿಯ ಗುಂಪಿಗೂ ಇದು ಬಂತು. ಹಾಕಿದವನು ಹತ್ತನೇ ಕ್ಲಾಸಿನಲ್ಲಿರುವ ನನ್ನ ಕಾಕಾನ ಮಗ. ಕೆಳಗೆ ಒಂದೇ ಸಾಲು: ‘ಅಕ್ಕಾ, ಇದು ಖರೇನ? ಹಾಕ್ಕೊಳ್ಳೇನು?’

ಅವನು ಆಡುವುದು ಕಾಕಾನ ಫೋನಿನಲ್ಲಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುತ್ತದೆ, ಫೋನ್‌ಪೇ ಅದರಲ್ಲೇ ಇದೆ, ಶೇಂಗಾ ಮಾರಿದ ದುಡ್ಡು ಜಮಾ ಆದ ಮೆಸೇಜೂ ಅಲ್ಲಿಗೇ. ಹಾಗಾಗಿ ‘ಬ್ಯಾಡ’ ಅಂತ ಮೊದಲು ಟೈಪ್ ಮಾಡಿ, ಕಾರಣ ಆಮೇಲೆ ಹೇಳಿದೆ. ಆ ಕಾರಣವೇ ಈ ಲೇಖನ. ಫಾರ್ವರ್ಡ್ ಸುಳ್ಳು ಎಂದು ಹೇಳುವುದು ಸುಲಭ. ಆದರೆ ಅದರೊಳಗೆ ಒಂದು ನಿಜವಾದ ಪ್ರಶ್ನೆಯೂ ಅಡಗಿದೆ. ಆಟದ ಪರದೆಯನ್ನು ತನಗೆ ಬೇಕಾದಂತೆ ಮಾಡಿಕೊಳ್ಳುವ ಹಕ್ಕು ಆಟಗಾರನಿಗೆ ಇರಬೇಕೇ, ಬೇಡವೇ?

ಆ್ಯಡ್‌ಆನ್ ಅಂದರೆ ನಿಜಕ್ಕೂ ಏನು?

ಆಟದ ಪರದೆಯ ಮೇಲಿರುವ ಬಟನ್, ಸಣ್ಣ ನಕ್ಷೆ, ಪ್ರಾಣದ ಪಟ್ಟಿ, ಅಂಕಿ, ಅಕ್ಷರ ಎಲ್ಲ ಸೇರಿದರೆ ಅದು ಇಂಟರ್‌ಫೇಸ್. ಇದನ್ನು ಬದಲಿಸಲು ಆಟ ಮಾಡಿದ ಕಂಪನಿಯಲ್ಲ, ಆಡುವವರೇ ಬರೆದ ಸಣ್ಣ ಪ್ರೋಗ್ರಾಂ ಆ್ಯಡ್‌ಆನ್.

ಇದರಲ್ಲಿ ಹೆಚ್ಚು ಅನುಭವ ಇರುವುದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟಕ್ಕೆ. ಬ್ಲಿಝರ್ಡ್ ಕಂಪನಿ ಅದನ್ನು 2004ರ ನವೆಂಬರ್‌ನಲ್ಲಿ ಬಿಟ್ಟಾಗಲೇ ಆಟಗಾರರಿಗೆ ಒಂದು ಕಿಟಕಿ ತೆರೆದಿಟ್ಟಿತ್ತು. ಲುವಾ ಎಂಬ ಸರಳ ಭಾಷೆಯಲ್ಲಿ ಆ್ಯಡ್‌ಆನ್ ಬರೆಯಬಹುದು, ಆಟ ತಾನೇ ಅದನ್ನು ತನ್ನೊಳಗೆ ಓಡಿಸುತ್ತದೆ. ಆ ಪ್ರೋಗ್ರಾಂಗೆ ಆಟ ಕೊಟ್ಟಷ್ಟೇ ಮಾಹಿತಿ ಸಿಗುತ್ತದೆ, ಕಂಪ್ಯೂಟರಿನ ಉಳಿದ ಫೈಲುಗಳನ್ನು ಅದು ಮುಟ್ಟಲಾರದು. ಹಿತ್ತಲಲ್ಲಿ ಆಡಲು ಬಿಟ್ಟ ಮಗುವಿನಂತೆ: ಎಷ್ಟಾದರೂ ಓಡಲಿ, ಬೇಲಿ ದಾಟಲಾಗದು.

ಬೇಲಿ ಎಲ್ಲಿರಬೇಕು ಎನ್ನುವ ಜಗಳ ಮಾತ್ರ ಎರಡು ದಶಕವಾದರೂ ಮುಗಿದಿಲ್ಲ. ಶುರುವಿನ ವರ್ಷಗಳಲ್ಲಿ ಡಿಕರ್ಸಿವ್ ಎಂಬ ಆ್ಯಡ್‌ಆನ್ ಇತ್ತು. ತಂಡದಲ್ಲಿ ಯಾರಿಗೆ ಶಾಪ ತಗುಲಿದೆ ಎಂದು ಅದೇ ಹುಡುಕಿ, ಅವರನ್ನೇ ಗುರಿ ಮಾಡಿ, ಮಂತ್ರವನ್ನೂ ಹಾಕುತ್ತಿತ್ತು. ಆಟಗಾರನ ಕೆಲಸ ಒಂದೇ ಬಟನ್ ಒತ್ತುತ್ತ ಇರುವುದು. ಹಾಗಾದರೆ ಆಡುತ್ತಿರುವುದು ಯಾರು? 2006ರ ಡಿಸೆಂಬರ್‌ನ ಅಪ್‌ಡೇಟ್‌ನಲ್ಲಿ ಬ್ಲಿಝರ್ಡ್ ಇಂಥ ಸ್ವಯಂಚಾಲಿತ ಗುರಿ ಹಿಡಿಯುವಿಕೆಯನ್ನು ನಿಲ್ಲಿಸಿತು. 2009ರಲ್ಲಿ ಇನ್ನೊಂದು ನಿಯಮ ಬಂತು: ಆ್ಯಡ್‌ಆನ್ ಪುಕ್ಕಟೆ ಇರಬೇಕು, ಅದರ ಕೋಡ್ ಎಲ್ಲರೂ ಓದುವಂತಿರಬೇಕು. 2010ರಲ್ಲಿ ಯುದ್ಧಭೂಮಿಯ ನೆಲದ ಮೇಲೆಯೇ ‘ಇಲ್ಲಿ ನಿಲ್ಲು, ಅಲ್ಲಿ ನಿಲ್ಲಬೇಡ’ ಎಂದು ಗೆರೆ ಎಳೆದು ತೋರಿಸುವ ಎವಿಆರ್ ಎಂಬ ಆ್ಯಡ್‌ಆನ್ ಕೂಡ ಕೆಲಸ ಮಾಡದಂತೆ ಮಾಡಿದರು.

ಗೇರ್‌ಸ್ಕೋರ್ ಎಂಬ ಇನ್ನೊಂದು ಆ್ಯಡ್‌ಆನ್‌ನ ಕತೆ ನನಗೆ ಎಲ್ಲಕ್ಕಿಂತ ಕುತೂಹಲದ್ದು. ಅದು ಮೋಸವೇನೂ ಮಾಡುತ್ತಿರಲಿಲ್ಲ. ಎದುರಿನ ಆಟಗಾರ ತೊಟ್ಟ ಕವಚ, ಹಿಡಿದ ಆಯುಧ ನೋಡಿ ಒಂದು ಅಂಕಿ ಹೇಳುತ್ತಿತ್ತು, ಅಷ್ಟೇ. ಆದರೆ ಆ ಅಂಕಿ ಬಂದದ್ದೇ ತಡ, ‘ಇಷ್ಟು ಸ್ಕೋರ್ ಇಲ್ಲದವರು ನಮ್ಮ ತಂಡಕ್ಕೆ ಬೇಡ’ ಎಂಬ ಬೋರ್ಡು ತೂಗುಬಿದ್ದಿತು. ಹೊಸಬರು ಹೊರಗೆ ನಿಂತರು. ಆ್ಯಡ್‌ಆನ್ ಇಷ್ಟವಿಲ್ಲದವರೂ ಅದನ್ನು ಹಾಕಿಕೊಳ್ಳಲೇಬೇಕಾಯಿತು. ‘ಬೇಕಾದವರು ಹಾಕಿಕೊಳ್ಳಲಿ, ಬೇಡದವರು ಬಿಡಲಿ’ ಎಂಬ ವಾದ ಹಲವರು ಸೇರಿ ಆಡುವ ಆಟದಲ್ಲಿ ನಿಲ್ಲುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

2025ರಲ್ಲಿ ಬ್ಲಿಝರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಂದಿನ ಆವೃತ್ತಿಯಿಂದ ಯುದ್ಧದ ಮಾಹಿತಿಯನ್ನು ಆ್ಯಡ್‌ಆನ್‌ಗಳು ಲೆಕ್ಕ ಹಾಕಿ ಸಲಹೆ ಕೊಡುವುದನ್ನು ಬಹಳಷ್ಟು ಕಡಿಮೆ ಮಾಡುವುದಾಗಿ ಹೇಳಿತು. ಜನ ಮೆಚ್ಚಿದ ಸೌಕರ್ಯಗಳನ್ನು ಆಟದೊಳಗೇ ಕೊಡುತ್ತೇವೆ ಎಂದೂ ಹೇಳಿತು. ಹೊರಗಿನವರ ಜಾಣತನವನ್ನು ಕಂಪನಿ ಒಳಗೆ ತಂದುಕೊಂಡು ಬಾಗಿಲು ಹಾಕಿಕೊಳ್ಳುವುದು ಕೆಲವರಿಗೆ ಕೋಪ ತಂದಿದೆ. ಆ ಕೋಪ ಪೂರ್ತಿ ತಪ್ಪು ಅಂತ ನನಗೆ ಅನಿಸುವುದಿಲ್ಲ.

ಪೂರ್ತಿ ನಿಷೇಧಿಸಿದ ಆಟಗಳೂ ಇವೆ. ಫೈನಲ್ ಫ್ಯಾಂಟಸಿ 14ರಲ್ಲಿ ಹೊರಗಿನ ಯಾವ ಪ್ರೋಗ್ರಾಮೂ ಸಲ್ಲದು. ಆದರೂ 2023ರ ಆರಂಭದಲ್ಲಿ ಅಲ್ಲಿನ ಅತಿ ಕಠಿಣ ಘಟ್ಟವೊಂದನ್ನು ಜಗತ್ತಿನಲ್ಲೇ ಮೊದಲು ಗೆದ್ದ ತಂಡ ಕ್ಯಾಮೆರಾವನ್ನು ಮಿತಿಗಿಂತ ದೂರ ಎಳೆದು ನೋಡುವ ಹೊರಗಿನ ಪ್ರೋಗ್ರಾಂ ಬಳಸಿದ್ದು ಬಯಲಾಯಿತು. ನಿಷೇಧ ಹೇರಿದರೆ ಸಾಕು ಎನ್ನುವವರು ಇದನ್ನೂ ನೆನಪಿಡಬೇಕು.

ಬೆಂಗಳೂರಿನ ಚದುರಂಗ

ಆಟಗಳ ಗಂಧವೇ ಇಲ್ಲದವರಿಗೂ ಈ ಗೆರೆ ಅರ್ಥವಾಗುವ ಪ್ರಸಂಗ ನಮ್ಮ ರಾಜ್ಯದಲ್ಲೇ ಇದೆ. 2021ರ ಜೂನ್ 13ರಂದು ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲು ವಿಶ್ವನಾಥನ್ ಆನಂದ್ ಆನ್‌ಲೈನ್‌ನಲ್ಲಿ ಹಲವು ಗಣ್ಯರ ಜೊತೆ ಚೆಸ್ ಆಡಿದರು. ನಟ ಸುದೀಪ್ ಕೂಡ ಆಡಿದ್ದರು. ಬೆಂಗಳೂರಿನ ಉದ್ಯಮಿ, ಝೆರೋಧಾದ ನಿಖಿಲ್ ಕಾಮತ್ ಆನಂದ್ ಅವರನ್ನು ಸೋಲಿಸಿದಾಗ ದೇಶವೇ ಹುಬ್ಬೇರಿಸಿತು. ಮರುದಿನ ಕಾಮತ್, ತನಗೆ ಆಟ ವಿಶ್ಲೇಷಿಸುವವರ ಮತ್ತು ಕಂಪ್ಯೂಟರಿನ ನೆರವಿತ್ತು ಎಂದು ತಾವೇ ಒಪ್ಪಿಕೊಂಡರು. ಚೆಸ್ ಡಾಟ್ ಕಾಮ್ ಅವರ ಖಾತೆ ಮುಚ್ಚಿ, ಅದು ರೇಟಿಂಗ್ ಇಲ್ಲದ ಆಟವಾಗಿದ್ದರಿಂದ ಆಮೇಲೆ ತೆರೆಯಿತು.

ಈಗ ಅದೇ ಚೆಸ್ ಸೈಟಿನಲ್ಲಿ ನೀವು ಹಲಗೆಯ ಬಣ್ಣ ಹಸಿರಿನಿಂದ ಕಂದು ಮಾಡಿಕೊಳ್ಳಿ, ಕಾಯಿಗಳ ರೂಪ ಬದಲಿಸಿಕೊಳ್ಳಿ. ಯಾರೂ ಕೇಳುವುದಿಲ್ಲ. ಬಣ್ಣ ಬದಲಿಸುವುದು ನಿಮ್ಮ ಕಣ್ಣಿಗೆ ಸಂಬಂಧಿಸಿದ್ದು, ನಡೆ ಹೇಳಿಕೊಡುವುದು ನಿಮ್ಮ ತಲೆಯ ಬದಲಿಗೆ ಬೇರೆ ತಲೆ ಕೂರಿಸುವುದು. ಕಷ್ಟ ಇರುವುದು ಇವೆರಡರ ನಡುವೆ. ಗಡಿಯಾರದಲ್ಲಿ ಹತ್ತು ಸೆಕೆಂಡ್ ಉಳಿದಾಗ ಗಂಟೆ ಬಾರಿಸುವ ಆ್ಯಡ್‌ಆನ್ ಕಣ್ಣೋ, ತಲೆಯೋ? ನಾನಾದರೆ ಕಣ್ಣು ಅನ್ನುತ್ತೇನೆ. ನೀವು ಒಪ್ಪದಿರಬಹುದು.

ಹಾಗಾದರೆ ಫಾರ್ವರ್ಡ್‌ನ ಎಪಿಕೆ?

ಅದು ಮೇಲೆ ಹೇಳಿದ ಯಾವ ಅರ್ಥದಲ್ಲೂ ಆ್ಯಡ್‌ಆನ್ ಅಲ್ಲ. ಬಿಜಿಎಂಐ ಆಟ ಹೊರಗಿನ ಪ್ರೋಗ್ರಾಂಗೆ ಅಂಥ ಕಿಟಕಿ ತೆರೆದೇ ಇಲ್ಲ. ಕಿಟಕಿ ಇಲ್ಲದ ಮನೆಗೆ ಬರುವವನು ಗೋಡೆ ಕೊರೆದೇ ಬರಬೇಕು. ಒಂದೊಂದೇ ಮಾತು ನೋಡೋಣ.

‘ಯುಸಿ ಬೇಕಾದಷ್ಟು’ ಎನ್ನುವುದು ಆಗದ ಮಾತು. ನಿಮ್ಮ ಯುಸಿ ಲೆಕ್ಕ ಇರುವುದು ಕಂಪನಿಯ ಸರ್ವರ್‌ನಲ್ಲಿ. ಫೋನಿನಲ್ಲಿ ಕಾಣುವುದು ಆ ಲೆಕ್ಕದ ಚಿತ್ರ ಮಾತ್ರ. ಪಾಸ್‌ಬುಕ್ಕಿನಲ್ಲಿ ಪೆನ್ನಿನಿಂದ ಎರಡು ಸೊನ್ನೆ ಸೇರಿಸಿದರೆ ಬ್ಯಾಂಕಿನಲ್ಲಿ ದುಡ್ಡು ಹೆಚ್ಚುವುದಿಲ್ಲವಲ್ಲ, ಹಾಗೆ.

‘90 ಎಫ್‌ಪಿಎಸ್’ ಅರ್ಧ ಸತ್ಯ. ಆಟದ ಸೆಟ್ಟಿಂಗ್ ಫೈಲನ್ನು ತಿದ್ದಿ, ನಿಮ್ಮ ಫೋನ್ ಮಾಡೆಲ್‌ಗೆ ಮುಚ್ಚಿಟ್ಟ ಆಯ್ಕೆಯನ್ನು ತೆರೆಯುವ ಟೂಲ್‌ಗಳಿವೆ. ಆದರೆ ಪರದೆಯೇ ಸೆಕೆಂಡಿಗೆ 60 ಬಾರಿ ಮಾತ್ರ ಚಿತ್ರ ಬದಲಿಸುವಂಥದ್ದಾದರೆ, ಆಟ 90 ಚಿತ್ರ ತಯಾರಿಸಿದರೂ ನಿಮ್ಮ ಕಣ್ಣಿಗೆ 60ಕ್ಕಿಂತ ಹೆಚ್ಚು ಬೀಳುವುದಿಲ್ಲ. ಫೋನ್ ಬಿಸಿಯಾಗುವುದು ಮಾತ್ರ ಖಾತ್ರಿ.

‘ಗೋಡೆಯಾಚೆಗೆ ಕಾಣುತ್ತಾನೆ’ ಎನ್ನುವುದು, ಬೇಸರದ ಸಂಗತಿ, ಆಗಬಲ್ಲದ್ದು. ಶತ್ರು ಗೋಡೆಯ ಮರೆಯಿಂದ ಹೊರಬಂದ ಕ್ಷಣವೇ ತಡವಿಲ್ಲದೆ ತೋರಿಸಬೇಕಾದ್ದರಿಂದ, ಹತ್ತಿರದ ಆಟಗಾರರ ಜಾಗವನ್ನು ಸರ್ವರ್ ನಿಮ್ಮ ಫೋನಿಗೆ ಮೊದಲೇ ಕಳಿಸಿರುತ್ತದೆ. ಕಳ್ಳ ಪ್ರೋಗ್ರಾಂ ಫೋನಿನ ನೆನಪಿನಲ್ಲಿರುವ ಆ ಮಾಹಿತಿಯನ್ನು ಕದ್ದು ಓದಿ ಬಣ್ಣ ಬಳಿದು ತೋರಿಸುತ್ತದೆ. ಪರದೆಯನ್ನು ಅಗಲವಾಗಿ ತೋರಿಸುವ ‘ಐಪ್ಯಾಡ್ ವ್ಯೂ’ ಫೈಲ್‌ಗಳೂ ಇದೇ ಜಾತಿಯವೇ: ಎದುರಾಳಿಗೆ ಕಾಣದ ಅಂಚು ನಿಮಗೆ ಕಾಣುತ್ತದೆ.

ಕೊನೆಯದು, ‘ಬ್ಯಾನ್ ಆಗುವುದಿಲ್ಲ’. ಹಾಕಿಕೊಂಡು ಎರಡು ದಿನವಾಯಿತು, ಏನೂ ಆಗಿಲ್ಲ ಎಂದು ಗೆಳೆಯ ಹೇಳಬಹುದು. ಆಟದ ಕಂಪನಿಗಳು ಸಿಕ್ಕ ತಕ್ಷಣ ಶಿಕ್ಷೆ ಕೊಡದೆ, ಒಂದಷ್ಟು ಖಾತೆಗಳನ್ನು ಗುರುತು ಹಾಕಿಟ್ಟು ಒಟ್ಟಿಗೆ ಮುಚ್ಚುವುದು ರೂಢಿ. ಯಾವ ತಪ್ಪಿಗೆ ಸಿಕ್ಕಿಬಿದ್ದೆವು ಎಂದು ಕಳ್ಳ ಪ್ರೋಗ್ರಾಂ ಬರೆದವರಿಗೆ ಬೇಗ ತಿಳಿಯಬಾರದು ಎಂಬುದೇ ಕಾರಣ. ಖಾತೆಯಷ್ಟೇ ಅಲ್ಲ, ಫೋನನ್ನೇ ಬ್ಯಾನ್ ಮಾಡುವ ಪದ್ಧತಿಯೂ ಬಿಜಿಎಂಐನಲ್ಲಿ ಇದೆ. ಒಂದೇ ಫೋನಿನಲ್ಲಿ ಅಣ್ಣ ತಮ್ಮ ಇಬ್ಬರೂ ಆಡುವ ಮನೆಯಲ್ಲಿ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಫೋನಿನೊಳಗೆ ಏನಾಗುತ್ತದೆ?

ಇಂಥ ಎಪಿಕೆ ಹಾಕುವ ವೀಡಿಯೊಗಳಲ್ಲಿ ಮೊದಲ ಸೂಚನೆ ಹೆಚ್ಚಾಗಿ ‘ಅಸಲಿ ಆಟವನ್ನು ಡಿಲೀಟ್ ಮಾಡಿ’ ಎಂದು. ಯಾಕೆ ಗೊತ್ತೇ? ಪ್ರತಿ ಆಂಡ್ರಾಯ್ಡ್ ಆ್ಯಪ್‌ಗೂ ಅದನ್ನು ಮಾಡಿದವರ ಡಿಜಿಟಲ್ ಸಹಿ ಇರುತ್ತದೆ. ಸಹಿ ಬೇರೆಯಾದ ಆ್ಯಪನ್ನು ಅದೇ ಹೆಸರಿನ ಆ್ಯಪಿನ ಮೇಲೆ ಹಾಕಲು ಫೋನ್ ಬಿಡುವುದಿಲ್ಲ. ಅಂದರೆ ಆ ಸೂಚನೆಯೇ ಒಂದು ತಪ್ಪೊಪ್ಪಿಗೆ: ಈ ಫೈಲನ್ನು ಬೇರೆ ಯಾರೋ ಬಿಚ್ಚಿ, ತಿದ್ದಿ, ಮತ್ತೆ ಕಟ್ಟಿದ್ದಾರೆ.

ಮುಂದಿನ ಸೂಚನೆ ಪ್ಲೇ ಪ್ರೊಟೆಕ್ಟ್ ಆರಿಸುವುದು. ಆಮೇಲೆ ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿ ಮತ್ತು ಆಕ್ಸೆಸಿಬಿಲಿಟಿ ಅನುಮತಿ. ಈ ಎರಡನೆಯದರ ಬಗ್ಗೆ ನಿಂತು ಯೋಚಿಸಿ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ, ಕೈ ಆಡದವರ ಬದಲಿಗೆ ಬಟನ್ ಒತ್ತುವ ಆ್ಯಪ್‌ಗಳಿಗಾಗಿ ಇಟ್ಟ ಅನುಮತಿ ಅದು. ಅದನ್ನು ಪಡೆದ ಕಳ್ಳ ಆ್ಯಪ್ ಪರದೆಯ ಮೇಲಿರುವುದನ್ನು ಓದಬಲ್ಲದು, ನಿಮ್ಮ ಬದಲಿಗೆ ಒತ್ತಬಲ್ಲದು. ಒಟಿಪಿ ಬಂದರೆ ಅದೂ ಪರದೆಯ ಮೇಲೇ ಬರುತ್ತದೆ. ಆಂಡ್ರಾಯ್ಡ್ 13ರಿಂದೀಚೆಗೆ ಸ್ಟೋರ್ ಹೊರಗಿನಿಂದ ಬಂದ ಆ್ಯಪ್‌ಗೆ ಈ ಅನುಮತಿ ಕೊಡಲು ಹೋದರೆ ಫೋನೇ ಅಡ್ಡ ಬರುತ್ತದೆ. ಆ ಅಡ್ಡಿಯನ್ನು ದಾಟುವುದು ಹೇಗೆ ಎಂದು ವೀಡಿಯೊ ಹೇಳಿಕೊಡುತ್ತಿದ್ದರೆ ಅಲ್ಲೇ ನಿಲ್ಲಿಸಿ.

ಈ ಎಪಿಕೆ ಚಾಳಿ ಹುಡುಗರದ್ದಷ್ಟೇ ತಪ್ಪಲ್ಲ ಎಂದು ನನಗನಿಸುತ್ತದೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿತು. 2021ರ ಜುಲೈನಲ್ಲಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಅದೂ ಸ್ಟೋರ್‌ನಿಂದ ಮಾಯವಾಯಿತು, 2023ರ ಮೇನಲ್ಲಿ ಮರಳಿತು. ಸ್ಟೋರ್‌ನಲ್ಲಿ ಇಲ್ಲದ ಆಟವನ್ನು ಹುಡುಗರು ಹುಡುಕಿದ್ದು ಟೆಲಿಗ್ರಾಂನಲ್ಲಿ. ಗುರುತಿಲ್ಲದವರ ಫೈಲ್ ಹಾಕಿಕೊಳ್ಳುವ ಭಯ ಹೋದದ್ದು ಆಗಲೇ ಇರಬೇಕು.

ಆ್ಯಡ್‌ಆನ್‌ಗೆ ಅನುಮತಿ ಇರುವ ಕಡೆಯೂ ಎಚ್ಚರ ತಪ್ಪುವಂತಿಲ್ಲ. 2014ರ ಜನವರಿಯಲ್ಲಿ ವಾರ್‌ಕ್ರಾಫ್ಟ್ ಆ್ಯಡ್‌ಆನ್ ಇಳಿಸಿಕೊಳ್ಳುವ ಜನಪ್ರಿಯ ಪ್ರೋಗ್ರಾಂನ ನಕಲಿ ರೂಪವೊಂದು ಆಟಗಾರರ ಖಾತೆಗಳನ್ನು ಕದಿಯಿತು. 2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟ್‌ನ ಹೆಸರಾಂತ ಮಾಡ್ ತಾಣಗಳಲ್ಲೇ ಫ್ರಾಕ್ಚರೈಸರ್ ಎಂಬ ಕಳ್ಳ ಕೋಡ್ ಸೇರಿಕೊಂಡಿತ್ತು.

ಆದರೂ ಪೂರ್ತಿ ಬೇಡ ಅನ್ನಲಾರೆ

ಕಾರಣ ಕನ್ನಡ. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಅದನ್ನು ಮಾಡಿದ್ದು ಕಂಪನಿ ಸಂಬಳ ಕೊಟ್ಟ ಅನುವಾದಕರಲ್ಲ, ಆಡುವವರೇ. ಕಂಪನಿ ತೆರೆದಿಟ್ಟ ಅನುವಾದ ತಾಣದಲ್ಲಿ ಸಾಲು ಸಾಲಾಗಿ ಬರೆದವರು. ಉಚಿತ ಚೆಸ್ ತಾಣ ಲಿಚೆಸ್‌ನ ಕನ್ನಡವೂ ಹೀಗೇ ಸ್ವಯಂಸೇವಕರಿಂದ ಬಂದದ್ದು. ಕಂಪನಿಗಳ ಲಾಭದ ಲೆಕ್ಕದಲ್ಲಿ ಕನ್ನಡಕ್ಕೆ ಜಾಗ ಸಿಗುವುದು ಕಡಿಮೆ. ಆಡುವವರಿಗೆ ಬಾಗಿಲು ತೆರೆದಾಗ ಮಾತ್ರ ‘ಸೆಟ್ಟಿಂಗ್ಸ್’ ಇದ್ದಲ್ಲಿ ನಮ್ಮ ಅಕ್ಷರ ಬರುತ್ತದೆ.

ಇನ್ನೊಂದು ಕಾರಣ ಅಂಗವಿಕಲರು. ಹೆಜ್ಜೆಯ ಸದ್ದು ಯಾವ ದಿಕ್ಕಿನದು ಎನ್ನುವುದು ಇಂಥ ಆಟಗಳಲ್ಲಿ ಪ್ರಾಣದ ಪ್ರಶ್ನೆ. ಕಿವಿ ಕೇಳದವರು ಏನು ಮಾಡಬೇಕು? ಫೋರ್ಟ್‌ನೈಟ್ ಸದ್ದನ್ನು ಪರದೆಯ ಮೇಲೆ ಗುರುತಾಗಿ ತೋರಿಸುವ ಆಯ್ಕೆ ಕೊಟ್ಟಿದೆ. ಪಬ್‌ಜಿ ಮೊಬೈಲ್ ಬಳಗದ ಆಟಗಳಲ್ಲಿ ಸಣ್ಣ ನಕ್ಷೆಯ ಮೇಲೆ ಹೆಜ್ಜೆ ಮತ್ತು ಗುಂಡಿನ ಗುರುತು ಬರುತ್ತದೆ, ಕೆಂಪು ಹಸಿರು ಬೇರ್ಪಡಿಸಲಾಗದವರಿಗೆ ಬಣ್ಣದ ಆಯ್ಕೆಯೂ ಇದೆ. ಇದನ್ನೇ ಹೊರಗಿನವನೊಬ್ಬ ಆ್ಯಡ್‌ಆನ್ ಮಾಡಿ ಕೊಟ್ಟಿದ್ದರೆ ಮೋಸ ಅನ್ನುತ್ತಿದ್ದೆವೇನೋ. ಎಲ್ಲರಿಗೂ ಸಿಗುವಂತೆ ಆಟದೊಳಗೇ ಬಂದಾಗ ಅದು ಸೌಕರ್ಯ.

ಹಾಗಾಗಿ ನನ್ನ ಉತ್ತರ: ಇರಲಿ, ಆದರೆ ಆಟವೇ ತೆರೆದ ಕಿಟಕಿಯ ಮೂಲಕ ಇರಲಿ, ಪುಕ್ಕಟೆ ಇರಲಿ, ಈಗಾಗಲೇ ಎಲ್ಲರಿಗೂ ಸಿಗುವ ಮಾಹಿತಿಯ ರೂಪ ಬದಲಿಸಲಿ, ಆಟಗಾರನ ಬದಲಿಗೆ ತೀರ್ಮಾನ ಮಾಡದಿರಲಿ. ಹಣದ ಬಹುಮಾನವಿರುವ ಪಂದ್ಯಗಳಲ್ಲಿ ಎಲ್ಲರಿಗೂ ಒಂದೇ ಪರದೆ ಇರಬೇಕು, ಅಲ್ಲಿ ನನಗೆ ಎರಡು ಮಾತಿಲ್ಲ.

ಈಗಾಗಲೇ ಹಾಕಿಕೊಂಡಿದ್ದರೆ

ಮೊದಲು ಇಂಟರ್‌ನೆಟ್ ಆರಿಸಿ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಮತ್ತು ‘ಡಿವೈಸ್ ಅಡ್ಮಿನ್’ ಪಟ್ಟಿ ನೋಡಿ, ಗುರುತಿಲ್ಲದ ಆ್ಯಪ್‌ನ ಅನುಮತಿ ತೆಗೆದು ನಂತರ ಅದನ್ನು ಅಳಿಸಿ. ಪ್ಲೇ ಪ್ರೊಟೆಕ್ಟ್ ಮತ್ತೆ ಹಚ್ಚಿ, ಒಮ್ಮೆ ಸ್ಕ್ಯಾನ್ ಮಾಡಿಸಿ. ಗೂಗಲ್ ಪಾಸ್‌ವರ್ಡ್ ಅನ್ನು ಬೇರೊಂದು ಫೋನಿನಿಂದ ಬದಲಿಸಿ, ಆ್ಯಪ್ ಅಳಿಸಿದ ಮೇಲೆ ಯುಪಿಐ ಪಿನ್ ಅನ್ನೂ ಬದಲಿಸಿ. ಅಳಿಸಲು ಬರದಿದ್ದರೆ, ಫೋಟೊ ಮತ್ತು ನಂಬರುಗಳನ್ನು ತೆಗೆದಿಟ್ಟುಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ. ಖಾತೆಯಿಂದ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮಗ ತಪ್ಪು ಮಾಡಿದ್ದಾನೆ ಎಂದು ಬೈಯಲು ಸಂಜೆ ಟೈಮ್ ಇದ್ದೇ ಇರುತ್ತದೆ. ಬೈಗುಳಕ್ಕೆ ಹೆದರಿ ಅವನು ಎರಡು ದಿನ ಬಚ್ಚಿಟ್ಟರೆ ಮಾತ್ರ ಕಷ್ಟ.

ನನ್ನ ತಮ್ಮ ಎಪಿಕೆ ಇಳಿಸಿಕೊಂಡಿದ್ದ, ಇನ್ನೂ ಹಾಕಿರಲಿಲ್ಲ. ಅವನಿಗೆ ನಿಜಕ್ಕೂ ಬೇಕಿದ್ದದ್ದು ಗೋಡೆಯಾಚೆಯ ಶತ್ರುವಲ್ಲ. ಕಾಕಾನ ದೊಡ್ಡ ಫೋನಿನಲ್ಲಿ ಗುಂಡು ಹೊಡೆಯುವ ಬಟನ್‌ಗೆ ಅವನ ಹೆಬ್ಬೆರಳು ಮುಟ್ಟುತ್ತಿರಲಿಲ್ಲ. ಆಟದ ಸೆಟ್ಟಿಂಗ್‌ನಲ್ಲೇ ಬಟನ್ ಸರಿಸಿ ಇಟ್ಟುಕೊಳ್ಳಬಹುದು, ಆ ಜೋಡಣೆಯನ್ನು ಒಂದು ಕೋಡ್ ಮಾಡಿ ಗೆಳೆಯರಿಗೆ ಕಳಿಸಲೂಬಹುದು ಎಂದು ತೋರಿಸಿದೆ. ಈಗ ಗುಂಪಿಗೆ ಅವನು ಫಾರ್ವರ್ಡ್ ಮಾಡುತ್ತಿರುವುದು ಆ ಕೋಡ್.