ಎರ್ಲಡ್ಡು ನೋಡಾಕ ಮರುಭೂಮಿಗೆ

ನಮ್ಮಜ್ಜ ಹಿರೇಕೆರೂರಿನಿಂದ ರಾಣೆಬೆನ್ನೂರು ಸಂತೆಗೆ ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದ ಕಾಲದ ಒಂದು ಹಕ್ಕಿಯ ಸುದ್ದಿ ಹೇಳುತ್ತಿದ್ದ. “ಕುರಿಮರಿಯಷ್ಟು ದೊಡ್ಡದಿತ್ತಲೇ. ಹಾರೂದು ಕಡಿಮಿ, ನಡಿಯೂದು ಹೆಚ್ಚು. ಎರ್ಲಡ್ಡು ಅಂತಿದ್ರು.” ಅಜ್ಜ ಸುಳ್ಳು ಹೊಡೀತಾನ ಅಂತ ನಾವು ನಗುತ್ತಿದ್ದೆವು.

ಆ ಹಕ್ಕಿಯನ್ನು ನಾನು ಕಂಡದ್ದು ರಾಜಸ್ಥಾನದ ಜೈಸಲ್ಮೇರ್ ಹತ್ತಿರ, ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ. ಇಂಗ್ಲಿಷಿನವರು ಅದಕ್ಕೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಂತಾರೆ, ಅಲ್ಲಿಯವರು ಗೋಡಾವಣ್ ಅಂತಾರೆ. ಅದು ಅವರ ರಾಜ್ಯಪಕ್ಷಿ.

ಮರುಭೂಮಿ ಅಂದರೆ ಬರೀ ಮರಳಿನ ದಿಬ್ಬ ಅಂದುಕೊಂಡು ಹೋಗಿದ್ದೆ. 3,162 ಚದರ ಕಿ.ಮೀ. ವಿಸ್ತಾರದ ಆ ಉದ್ಯಾನದಲ್ಲಿ ಮರಳದಿಬ್ಬ ಇರುವುದು ಸ್ವಲ್ಪ ಭಾಗದಲ್ಲಿ ಮಾತ್ರ. ಉಳಿದದ್ದು ಗರಸು ನೆಲ, ಸೇವಣ್ ಹುಲ್ಲು, ಅಲ್ಲಲ್ಲಿ ಮುಳ್ಳುಕಂಟಿ. ಸುದಾಸರಿ ಎಂಬಲ್ಲಿ ಬೇಲಿ ಹಾಕಿ ಕಾಯ್ದ ಹುಲ್ಲುಗಾವಲಿನಲ್ಲಿ ಬೆಳಿಗ್ಗೆ ಎರಡು ತಾಸು ಕಾದ ಮೇಲೆ ಹುಲ್ಲಿನ ನಡುವೆ ಒಂದು ಬೆಳ್ಳನೆಯ ಕುತ್ತಿಗೆ ಎದ್ದಿತು. ನಾಲ್ಕು ಹೆಜ್ಜೆ ನಡೆಯಿತು, ನಿಂತಿತು, ಮತ್ತೆ ನಡೆಯಿತು. ಅಜ್ಜ ಹೇಳಿದ್ದು ಖರೇನೇ ಇತ್ತು.

ಎರ್ಲಡ್ಡು ಮೂಲತಃ ಬರೀ ಮರುಭೂಮಿಯ ಹಕ್ಕಿಯಲ್ಲ. ದಖ್ಖನಿನ ಒಣ ಬಯಲೆಲ್ಲ ಅದರದೇ ಆಗಿತ್ತು. ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಬೇಟೆಗಾರ 1809ರಿಂದ 1829ರೊಳಗೆ ಅಹಮದ್‌ನಗರ ಸೀಮೆಯಲ್ಲಿ 961 ಎರ್ಲಡ್ಡು ಹೊಡೆದನಂತೆ. ಈಗ ಇಡೀ ದೇಶದಲ್ಲಿ ಉಳಿದಿರುವುದು 150ಕ್ಕೂ ಕಡಿಮೆ. ಹೆಚ್ಚಿನವು ಜೈಸಲ್ಮೇರ್ ಭಾಗದಲ್ಲಿವೆ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ಭಾರವಾದ ಮೈ, ನೇರ ಮುಂದಿನದು ಸರಿಯಾಗಿ ಕಾಣದ ಕಣ್ಣು. ಕರೆಂಟಿನ ತಂತಿಗೆ ಬಡಿದು ಸಾಯುತ್ತವೆ.

ನಮ್ಮಲ್ಲೇನಾಯಿತು? ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಆದದ್ದು 1974ರಲ್ಲಿ, 119 ಚದರ ಕಿ.ಮೀ. ಆಗ ಎರ್ಲಡ್ಡು ಅಲ್ಲಿ ಇತ್ತು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅದರ ನಡವಳಿಕೆ ನೋಡಿ ಬರೆದಿದ್ದಾರೆ. ಈಗ ಕೃಷ್ಣಮೃಗ ಇವೆ, ಹಕ್ಕಿ ಇಲ್ಲ. ಬೇಟೆಯೊಂದೇ ಕಾರಣ ಅಂದರೆ ನಮ್ಮ ಪಾಲು ಮರೆತಂತೆ. ಹುಲ್ಲಿನ ಬಯಲನ್ನು ಸರ್ಕಾರವೂ ನಾವೂ ಪಾಳುಭೂಮಿ ಅಂತಲೇ ಕರೆದೆವು. ಕೆಲವು ಕಡೆ ಉತ್ತೆವು, ಉಳಿದ ಕಡೆ ನೀಲಗಿರಿ ಹಚ್ಚಿದೆವು. ನಾಲ್ಕೂ ದಿಕ್ಕು ದೂರದವರೆಗೆ ಕಾಣಬೇಕಾದ ಹಕ್ಕಿಗೆ ಮರಗಳ ಸಾಲು ಗೋಡೆಯಿದ್ದಂತೆ. ವನಮಹೋತ್ಸವದ ದಿನ ಗುಂಡಿ ತೋಡಿ ಇಂಥದೇ ಒಂದು ಬಯಲಿನಲ್ಲಿ ನಾನೂ ಸಸಿ ನೆಟ್ಟವನೇ. ಮಾಸ್ತರು ಬೆನ್ನು ತಟ್ಟಿದ್ದರು.

ಇನ್ನೊಂದು ಮಾತು. ರಾಷ್ಟ್ರಪಕ್ಷಿ ಆರಿಸುವಾಗ ಸಲೀಂ ಅಲಿಯವರು ಈ ಹಕ್ಕಿಯ ಪರ ಮಾತಾಡಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಶಿಗ್ಗಾಂವಿ ತಾಲೂಕಿನ ಬಂಕಾಪುರ ಕೋಟೆಯೊಳಗೆ 139 ಎಕರೆಯಲ್ಲಿ ಇವತ್ತು ನವಿಲುಧಾಮವೇ ಇದೆ. ನವಿಲಿನ ಮೇಲೆ ನನಗೇನೂ ಸಿಟ್ಟಿಲ್ಲ. ಅದು ಗಿಡದಲ್ಲೂ ಬದುಕುತ್ತೆ, ಹೊಲದಲ್ಲೂ ಬದುಕುತ್ತೆ. ಎರ್ಲಡ್ಡುವಿಗೆ ಬೇಕಾದದ್ದು ಬಯಲು, ಅದನ್ನು ನಾವು ಖಾಲಿ ಬಿಡಲಿಲ್ಲ.

ಊರಿಗೆ ಬಂದ ಮೇಲೆ ಒಮ್ಮೆ ರಾಣೆಬೆನ್ನೂರಿಗೆ ಹೋಗಿ ಬಂದೆ. ನೀಲಗಿರಿ ಸಾಲಿನಾಚೆ ಬಯಲಲ್ಲಿ ಕೃಷ್ಣಮೃಗಗಳು ಮೇಯುತ್ತಿದ್ದವು. ಜೊತೆಗೆ ಬಂದಿದ್ದ ಗೆಳೆಯ ಸುತ್ತ ನೋಡಿ, “ಇಷ್ಟು ಜಾಗ ಸುಮ್ನ ಬಿಟ್ಟಾರಲ್ಲೋ, ಏನಾರ ಹಚ್ಚಬಾರದಾ?” ಅಂದ.

“ಬ್ಯಾಡೋ ಮಾರಾಯಾ, ಹಂಗ ಇರ್ಲಿ” ಅಂದೆ.